ಹನ್ನೆರಡು ಮೀಟರಿನ ಗೆರೆ

ದಶಮಾಂಶ ಮೇಷ್ಟ್ರಿಗೂ ಕಾಯಂ ನೌಕರಿಗೂ ನಡುವೆ ಇದ್ದ ಅಂತರ ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು. ಇಷ್ಟು ಸಣ್ಣ ಹಳ್ಳವನ್ನು ಇರುವೆ ಕೂಡ ಕಾಲು ನೆನೆಸಿಕೊಳ್ಳದೆ ದಾಟೀತು. ನಮ್ಮ ಮೇಷ್ಟ್ರು ಮಾತ್ರ ತಲೆಗೂದಲು ಅರ್ಧ ಉದುರಿ ಉಳಿದರ್ಧ ಬೆಳ್ಳಗಾಗುವವರೆಗೂ ಅದರ ದಡದಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದರು.

ವಿಷಯ ಇಷ್ಟೇ. ಆ ವಿಶ್ವವಿದ್ಯಾಲಯದಲ್ಲಿ ಕಾಯಂ ಅಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಸರಾಸರಿ ಐದೂವರೆ ಗ್ರೇಡ್ ಪಾಯಿಂಟ್ ಇರಬೇಕು. ಮೇಷ್ಟ್ರ ಸರಾಸರಿ ಐದು ಪಾಯಿಂಟ್ ನಾಲ್ಕು ಆರು. ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರ ಮುಂದೆ ಅವರು ಈ ಸಂಖ್ಯೆಯನ್ನು ಇಟ್ಟುಕೊಂಡು ವಾದಿಸದ ವರ್ಷವಿಲ್ಲ. ಆ ಸೂಪರಿಂಟೆಂಡೆಂಟರನ್ನು ಇಡೀ ಕ್ಯಾಂಪಸ್ಸು ‘ನಿಯಮಾವಳಿ’ ಎಂದೇ ಕರೆಯುತ್ತಿತ್ತು. ಸೀನುವ ಮುಂಚೆಯೂ ಅವರು ಯಾವ ಉಪನಿಯಮದಡಿ ಸೀನಬಹುದು ಎಂದು ಯೋಚಿಸುತ್ತಾರೆಂದು ಜವಾನರು ನಗುತ್ತಿದ್ದರು.

“ನಾಲ್ಕು ಆರನ್ನ ಒಂದೇ ಮನೆಗೆ ತಂದ್ರೆ ಐದೂವರೆ ಆಗುತ್ತಲ್ರೀ?” ಎನ್ನುವರು ಮೇಷ್ಟ್ರು.

“ಆಗುತ್ತೆ ಮೇಷ್ಟ್ರೇ. ಖಂಡಿತ ಆಗುತ್ತೆ. ಆದ್ರೆ ತರೋ ಹಾಗಿಲ್ಲ.”

ಹೀಗೆ ಅವರ ಹೆಸರು ದಶಮಾಂಶ ಮೇಷ್ಟ್ರು ಎಂದಾಯಿತು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಅದೂ ಗಂಟೆಯ ಲೆಕ್ಕದ ಸಂಬಳ. ಪಾಠ ಮಾಡಿದ ಗಂಟೆಗೆ ಕಾಸು, ಮಾಡದ ಗಂಟೆಗೆ ಗಾಳಿ. ರಜಾ ದಿನಗಳಲ್ಲಿ ಲೋಕವೆಲ್ಲ ಹಿಗ್ಗಿದರೆ ಮೇಷ್ಟ್ರು ಮುಖ ಕಿವುಚಿಕೊಳ್ಳುತ್ತಿದ್ದರು. ಭೂಗೋಳ ವಿಭಾಗದಲ್ಲಿ ಅವರಿಗೆ ಸಿಕ್ಕ ಕೋಣೆ ಮೆಟ್ಟಿಲ ಕೆಳಗಿನದು. ಕಾಲು ಮುರಿದ ಎರಡು ಗ್ಲೋಬುಗಳು, ಸುತ್ತಿಟ್ಟ ಗೋಡೆನಕ್ಷೆಗಳು, ಒಂದು ಕುರ್ಚಿ, ಮೇಲೆ ಹುಡುಗರು ಇಳಿದಾಗೆಲ್ಲ ಉದುರುವ ಸುಣ್ಣ. ಆದರೂ ಅಲ್ಲಿಂದ ಹೊರಟು ತರಗತಿಗೆ ಹೋಗುವಾಗ ಅವರ ನಡಿಗೆ ನೋಡಬೇಕಿತ್ತು! ಕಂಕುಳಲ್ಲಿ ಉದ್ದನೆಯ ಮರದ ಅಳತೆಪಟ್ಟಿ, ಕಿವಿಯ ಮೇಲೆ ಪೆನ್ಸಿಲ್ಲು. ರಾಜ್ಯ ಗೆಲ್ಲಲು ಹೊರಟ ದಂಡನಾಯಕ ಕೂಡ ಅಷ್ಟು ಎದೆ ಉಬ್ಬಿಸಿ ನಡೆದಿರಲಾರ.

ಅವರು ಕಲಿಸುತ್ತಿದ್ದದ್ದು ನಕ್ಷೆ ಮಾಡುವ ವಿದ್ಯೆ. ಅವರನ್ನು ಹಳ್ಳಕ್ಕೆ ಬೀಳಿಸಿದ್ದೂ ಅದೇ. ವಿದ್ಯಾರ್ಥಿಯಾಗಿದ್ದಾಗ ಆ ಕೋರ್ಸಿನ ಪರೀಕ್ಷೆಯಲ್ಲಿ ಪರೀಕ್ಷಕರು ತಾವೇ ಬರೆದ ನಕ್ಷೆಯೊಂದನ್ನು ತೋರಿಸಿ ವಿವರಿಸು ಎಂದರಂತೆ. ಇವರು ವಿವರಿಸುವ ಬದಲು, “ಉತ್ತರದ ಬಾಣ ಸ್ವಲ್ಪ ವಾಲಿದೆ ಸಾರ್” ಎಂದರಂತೆ. ಪರೀಕ್ಷಕರು ಬಾಣವನ್ನು ಹಾಗೇ ಬಿಟ್ಟು ಇವರ ಗ್ರೇಡನ್ನು ವಾಲಿಸಿದರು. ಬೇರೆಲ್ಲ ಕೋರ್ಸಿನಲ್ಲಿ ನೆಟ್ಟಗಿದ್ದ ಅಂಕಪಟ್ಟಿ ಆ ಒಂದು ಜಾಗದಲ್ಲಿ ಕುಸಿಯಿತು.

ತಿದ್ದುವುದು ಅವರಿಗೆ ಬಿಡಲಾಗದ ಚಟ. ಕೆಲವರಿಗೆ ಹೊಗೆಸೊಪ್ಪು, ಕೆಲವರಿಗೆ ಇಸ್ಪೀಟು, ಇವರಿಗೆ ಪರರ ತಪ್ಪು. ಮದುವೆಯ ಕಾಗದ ಬಂದರೆ ಅಭಿನಂದನೆಗಿಂತ ಮುಂಚೆ ಕೆಂಪು ಪೆನ್ನು ಹೊರಬರುತ್ತಿತ್ತು. ಕ್ಷೌರದಂಗಡಿಯ ದರಪಟ್ಟಿ ತಿದ್ದಿ, ಕ್ಷೌರಿಕ ಸಿಟ್ಟಿಗೆದ್ದು ಒಂದು ಕಡೆಯ ಕೃತಾ ಮೇಲಕ್ಕೆ ಎತ್ತರಿಸಿ ಕಳಿಸಿದ್ದುಂಟು. ಮನೆಯಲ್ಲಿ ಹೆಂಡತಿ ಒಬ್ಬಳೇ ಈ ಚಟಕ್ಕೆ ಕಡಿವಾಣ. ಆಕೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. “ಊರಿನ ಕಣ್ಣು ನಾನು ಸರಿಮಾಡ್ತೀನಿ, ಊರಿನ ತಪ್ಪು ನೀವು ಸರಿಮಾಡ್ತೀರಿ. ನಮ್ಮನೆ ನಲ್ಲಿ ಯಾರ್ರೀ ಸರಿಮಾಡೋದು?” ಎಂದು ಕೇಳುತ್ತಿದ್ದಳು. ನಲ್ಲಿ ಸೋರುತ್ತಲೇ ಇತ್ತು.

ಹೀಗಿರುವಾಗ ವಿಶ್ವವಿದ್ಯಾಲಯಕ್ಕೆ ದಯೆ ಉಕ್ಕಿತು. ಹಳೆಯ ವಿದ್ಯಾರ್ಥಿಗಳು ಯಾವುದಾದರೂ ಒಂದು ಕೋರ್ಸನ್ನು ಮತ್ತೆ ಓದಿ ಗ್ರೇಡ್ ಸುಧಾರಿಸಿಕೊಳ್ಳಬಹುದು, ಇದೊಂದೇ ಸಲ ಎಂಬ ಆದೇಶ ಹೊರಬಿತ್ತು. ಅದೇ ಋತುವಿನಲ್ಲಿ ಭೂಗೋಳ ವಿಭಾಗಕ್ಕೆ ಒಂದು ಕಾಯಂ ಹುದ್ದೆಯೂ ಬಂತು. ಮೇಷ್ಟ್ರ ವಯಸ್ಸು ಹುದ್ದೆಯ ವಯೋಮಿತಿಗೆ ಮೂಗು ತಾಗಿಸಿಕೊಂಡು ನಿಂತಿತ್ತು. ಈ ಸಲ ಬಿಟ್ಟರೆ ಮುಂದಿನ ಸಲ ಎಂಬುದೇ ಇಲ್ಲ. ಮೇಷ್ಟ್ರು ಪರೀಕ್ಷಾ ವಿಭಾಗಕ್ಕೆ ಓಡಿದರು.

ನಿಯಮಾವಳಿ ಕನ್ನಡಕ ಏರಿಸಿ ಷರತ್ತುಗಳನ್ನು ಒಂದೊಂದಾಗಿ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸಂಗೀತ ಕೇಳುವವರ ತನ್ಮಯತೆ ಇತ್ತು.

“ಸುಮ್ನೆ ಪರೀಕ್ಷೆ ಬರೆಯೋ ಹಾಗಿಲ್ಲ. ತರಗತಿಗೆ ಬರಬೇಕು, ಹಾಜರಿ ಬೇಕು.”

“ಆ ತರಗತಿ ತಗೊಳ್ಳೋನೇ ನಾನಲ್ರೀ!”

“ಅದಕ್ಕೇ, ಇನ್ನು ತಗೊಳ್ಳೋ ಹಾಗಿಲ್ಲ. ನಿಮ್ಮ ಹಾಜರಿ ನೀವೇ ಹಾಕ್ಕೊಂಡ್ರೆ ಲೋಕ ನಗುತ್ತೆ. ಆಮೇಲೆ, ನೋಂದಣಿ ಆದ ಕ್ಷಣಕ್ಕೆ ಹಳೇ ಗ್ರೇಡ್ ರದ್ದು. ಹೊಸದು ಎಷ್ಟು ಬರುತ್ತೋ ಅದೇ ಕಾಯಂ. ಮೇಲೆ ಹೋದ್ರೂ ಅದೇ, ಕೆಳಗೆ ಬಿದ್ರೂ ಅದೇ.”

“ಎರಡ್ರಲ್ಲಿ ಒಳ್ಳೇದನ್ನ ಇಟ್ಕೊಳ್ಳೋದಲ್ವಾ?”

“ಅದು ಪಕ್ಕದ ವಿಶ್ವವಿದ್ಯಾಲಯ. ಅಲ್ಲಿ ಶಿಸ್ತಿಲ್ಲ.”

ಮೇಷ್ಟ್ರು ನಕ್ಕರು. ತಾವೇ ಇಷ್ಟು ಕಾಲ ಕಲಿಸಿದ ಕೋರ್ಸು, ತಾವೇ ಪ್ರತಿವರ್ಷ ಪ್ರಶ್ನೆಪತ್ರಿಕೆ ತೆಗೆದ ಕೋರ್ಸು. ಅದರಲ್ಲಿ ಕೆಳಗೆ ಬೀಳುವುದೆಂದರೆ ಮೀನು ನೀರಲ್ಲಿ ಮುಳುಗಿದ ಹಾಗೆ. ಸಹಿ ಹಾಕಿದರು. ಹಾಕುವ ಮುಂಚೆ ಅರ್ಜಿಯ ತಲೆಬರಹದಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನೂ ತುಂಬಿದರು.

ಆ ಸಹಿಯಿಂದ ವಿಭಾಗದಲ್ಲಿ ಎರಡು ಬದಲಾವಣೆ ಆದವು. ಒಂದು, ನಕ್ಷೆಯ ತರಗತಿ ‘ಹೊಸ ಮೇಡಂ’ ಪಾಲಿಗೆ ಹೋಯಿತು. ಹೊಸ ಮೇಡಂ ಎಂದರೆ ಮೇಷ್ಟ್ರ ಕೈಯಲ್ಲೇ ಗೆರೆ ಎಳೆಯಲು ಕಲಿತು, ಆಗಷ್ಟೇ ಗಂಟೆಯ ಲೆಕ್ಕದಲ್ಲಿ ಸೇರಿದ್ದ ಹುಡುಗಿ. ಅದೇ ಕಾಯಂ ಹುದ್ದೆಗೆ ಆಕೆಯೂ ಅರ್ಜಿ ಹಾಕಿದ್ದಳು. ಎರಡು, ಪ್ರಶ್ನೆಪತ್ರಿಕೆ ತೆಗೆಯುವ ಹೊರೆ ವಿಭಾಗದ ಮುಖ್ಯಸ್ಥೆಯ ಹೆಗಲಿಗೆ ಬಿತ್ತು. ಮುಖ್ಯಸ್ಥೆ ಒಳ್ಳೆಯ ಹೆಂಗಸು. ಆದರೆ ಪೆನ್ಸಿಲ್ಲು ಹಿಡಿದು ನಕ್ಷೆ ಬರೆದು ಯುಗವಾಗಿತ್ತು. ಈಗ ಅವರು ಸಹಿ ಮಾತ್ರ ಬರೆಯುತ್ತಿದ್ದರು, ಅದೂ ಅರ್ಧ.

ಮೊದಲ ದಿನ ಮೇಷ್ಟ್ರು ತರಗತಿಗೆ ಹೋಗಿ ಅಭ್ಯಾಸಬಲದಿಂದ ನೇರ ವೇದಿಕೆ ಏರಿದರು. ಹುಡುಗರೆಲ್ಲ ಎದ್ದು ನಿಂತರು. ಹೊಸ ಮೇಡಂ ಬಾಗಿಲಲ್ಲೇ ಪೆಚ್ಚಾಗಿ ನಿಂತಳು. ಆಮೇಲೆ ಮೇಷ್ಟ್ರಿಗೇ ನೆನಪಾಗಿ, ಪಟ್ಟ ಬಿಟ್ಟಿಳಿಯುವ ಅರಸನ ಗಾಂಭೀರ್ಯದಿಂದ ಕೆಳಗಿಳಿದು, ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡರು. ಪಕ್ಕದಲ್ಲಿದ್ದವಳು ಇದೇ ಕೋರ್ಸಿಗೆ ಮೂರನೇ ಸಲ ಕೂತವಳು. ಈ ಬೆಂಚಿನ ಹಳೇ ಒಕ್ಕಲು. ಜಾಗ ಮಾಡಿಕೊಡುತ್ತಾ, “ಬನ್ನಿ ಸಾರ್, ಆ ಮೂಲೇಲಿ ಒರಗಬೇಡಿ, ಬೆಂಚು ಕಾಲು ಮುರಿದಿದೆ. ನೀವೇ ಎರಡು ಸಲ ನನ್ನನ್ನ ಇಲ್ಲಿ ಕೂರಿಸಿದ್ದು, ಅದಕ್ಕೇ ಗೊತ್ತು” ಎಂದಳು.

“ನೀನು ಗೆರೆ ನೆಟ್ಟಗೆ ಎಳೆದಿದ್ರೆ ಯಾಕಮ್ಮ ಕೂರಿಸ್ತಿದ್ದೆ?”

“ಈಗ ನಿಮ್ಮ ಗೆರೆ ನೋಡೋಣ ಬಿಡಿ ಸಾರ್.”

ಹೊಸ ಮೇಡಂ ಹಾಜರಿ ಕೂಗುತ್ತಾ ಕೊನೆಯ ಹೆಸರಿಗೆ ಬಂದು ನುಂಗಿಕೊಂಡಳು. ಮೇಷ್ಟ್ರು ತಾವೇ ಎದ್ದು, “ಪ್ರೆಸೆಂಟ್ ಮೇಡಂ” ಎಂದರು. ತರಗತಿ ಗೊಳ್ಳೆಂದಿತು. ಆಕೆಯ ಕಣ್ಣಲ್ಲಿ ನೀರು ಬಂತು. ಅದು ನಗುವಿಗೋ ಸಂಕಟಕ್ಕೋ ಅವಳಿಗೇ ತಿಳಿದಿರಲಿಕ್ಕಿಲ್ಲ.

ಆ ಅವಧಿಯುದ್ದಕ್ಕೂ ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ಕೂತರು. ಹೊಸ ಮೇಡಂ ಕಲಿಸುತ್ತಿದ್ದದ್ದು ಅವರದೇ ಟಿಪ್ಪಣಿ. ಅವರದೇ ಹಾಸ್ಯಗಳು ಕೂಡ, ಆದರೆ ನಗು ಬರುವ ಜಾಗಕ್ಕೆ ಸ್ವಲ್ಪ ಮುಂಚೆಯೇ ಹೇಳಿಬಿಡುತ್ತಿದ್ದಳು. ಅದು ಅವರಿಗೆ ತಪ್ಪು ಗೆರೆಗಿಂತ ಹೆಚ್ಚು ನೋವು ಕೊಟ್ಟಿತು. ಆದರೂ ತಿದ್ದಲಿಲ್ಲ. ಆಂತರಿಕ ಅಂಕ ಅವಳ ಕೈಯಲ್ಲಿತ್ತು. ಆಕೆಯೂ ನ್ಯಾಯವಾಗಿಯೇ ಕೊಟ್ಟಳು. ಒಂದೇ ಒಂದು ಅಂಕ ಕಡಿಮೆ, ಅಚ್ಚುಕಟ್ಟಿಗೆ. ಮೇಷ್ಟ್ರ ಪೆನ್ಸಿಲ್ಲಿನ ಮಸಿ ಹಾಳೆಯ ಅಂಚಿಗೆ ತಾಗಿತ್ತಂತೆ. ಅವರು ಅದನ್ನು ಹೊಟ್ಟೆಗೆ ಹಾಕಿಕೊಂಡರು.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಅವರ ಕನ್ನಡಕವನ್ನು ತಾನೇ ಒರೆಸಿ, ಮೂಗಿನ ಮೇಲೆ ಕೂರಿಸಿ, ಹಿಂದೆ ಸರಿದು ನೋಡಿದಳು. “ಇವತ್ತೊಂದು ದಿನ, ಕೇಳಿದ್ದಕ್ಕೆ ಉತ್ತರ ಬರೆದು ಬನ್ನಿ. ತಿದ್ದೋಕೆ ಹೋಗ್ಬೇಡಿ.”

“ಏನು ತಿದ್ದೋದು? ಮುಖ್ಯಸ್ಥೆಯವ್ರೇ ತೆಗೆದ ಪೇಪರ್ರು.”

“ಅದಕ್ಕೇ ಹೇಳ್ತಿರೋದು.”

ಪರೀಕ್ಷಾ ಹಾಲು ಉದ್ದನೆಯ ತಗಡಿನ ಸೂರಿನ ಕಟ್ಟಡ. ಹುಡುಗರು ಉಗುರು ಕಚ್ಚುತ್ತಿದ್ದರೆ ಮೇಷ್ಟ್ರು ಪೆನ್ಸಿಲ್ಲುಗಳನ್ನು ಮೊನಚು ಮಾಡಿ ಬಾಣಗಳಂತೆ ಸಾಲಾಗಿ ಇಟ್ಟುಕೊಂಡರು. ಮೊದಲ ಮೂರು ಪ್ರಶ್ನೆಗಳು ಅವರ ಮುಂದೆ ತಲೆ ಎತ್ತಲಾರದೆ ಬಿದ್ದವು. ನಾಲ್ಕನೆಯದು ಎದುರಾಯಿತು. ಇಡೀ ಪತ್ರಿಕೆಯ ಕಾಲು ಭಾಗದ ಅಂಕ ಅದಕ್ಕೇ.

ನಕ್ಷೆಯ ಅಳತೆ ಐದು ಸಾವಿರಕ್ಕೆ ಒಂದು ಇರುವಾಗ, ಅರವತ್ತು ಕಿಲೋಮೀಟರ್ ತೋರಿಸುವ ಅಳತೆಗೆರೆಯನ್ನು ಎಳೆಯಿರಿ, ಎಂದಿತ್ತು ಪ್ರಶ್ನೆ.

ಮೇಷ್ಟ್ರು ಒಮ್ಮೆ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. ಅಳತೆ ಐದು ಸಾವಿರಕ್ಕೆ ಒಂದಾದರೆ, ಕಾಗದದ ಮೇಲೆ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಬರೀ ಐವತ್ತು ಮೀಟರ್. ಅರವತ್ತು ಕಿಲೋಮೀಟರ್ ತೋರಿಸಬೇಕಾದರೆ ಗೆರೆ ಹನ್ನೆರಡು ಮೀಟರ್ ಉದ್ದವಾಗಬೇಕು. ಉತ್ತರಪತ್ರಿಕೆ ಇರುವುದು ಒಂದು ಗೇಣು ಚಿಲ್ಲರೆ. ಈ ಗೆರೆ ಮೇಜು ದಾಟಿ, ಮುಂದಿನವರ ಬೆನ್ನು ಹತ್ತಿ ಇಳಿದು, ಬಾಗಿಲಾಚೆ ಹೋಗಿ ನೀರಿನ ಪೀಪಾಯಿಯ ಹತ್ತಿರ ಎಲ್ಲೋ ಮುಗಿಯಬೇಕು! ಮುಖ್ಯಸ್ಥೆ ಎರಡು ಸೊನ್ನೆ ಬಿಟ್ಟಿದ್ದರು. ಐದು ಲಕ್ಷ ಇರಬೇಕಾದಲ್ಲಿ ಐದು ಸಾವಿರ ಮಾಡಿದ್ದರು. ಐದು ಲಕ್ಷವಾದರೆ ಗೆರೆ ಹನ್ನೆರಡು ಸೆಂಟಿಮೀಟರ್, ಕಾಗದದ ಮೇಲೆ ಹಾಯಾಗಿ ಮಲಗುತ್ತದೆ.

ಆ ಗಳಿಗೆಯಲ್ಲಿ ಮೇಷ್ಟ್ರ ಮೈಯಲ್ಲಿ ಹರಿದ ಆನಂದವನ್ನು ನಾವು ನೀವು ಕಂಡರಿಯೆವು. ಇಡೀ ಅವಧಿ ಕಚ್ಚಿಕೊಂಡಿದ್ದ ನಾಲಿಗೆ ಬಿಡುಗಡೆಯಾಯಿತು. ಅವರು ಎದ್ದು ನಿಂತು, ತರಗತಿಯ ಗಂಟಲಿನಲ್ಲೇ ಸಾರಿದರು:

“ಎಲ್ಲರೂ ಗಮನಿಸಿ! ನಾಲ್ಕನೇ ಪ್ರಶ್ನೆ ತಪ್ಪಿದೆ. ಐದು ಸಾವಿರ ಅಲ್ಲ, ಐದು ಲಕ್ಷ. ತಿದ್ದಿಕೊಳ್ಳಿ.”

ಮೇಲ್ವಿಚಾರಕ ಗಾಬರಿಯಿಂದ ಓಡಿ ಬಂದ. “ಸಾರ್, ಸಾರ್, ಕೂತ್ಕೊಳ್ಳಿ! ಇವತ್ತು ನೀವು ಅಭ್ಯರ್ಥಿ.”

“ಅಭ್ಯರ್ಥಿ ಆದ್ರೆ ಸೊನ್ನೆ ಕಾಣಬಾರ್ದೇನ್ರೀ?”

“ಕಂಡ್ರೂ ಹೇಳೋ ಹಾಗಿಲ್ಲ ಸಾರ್. ದಯವಿಟ್ಟು. ಯಾರೂ ಏನೂ ತಿದ್ದಬೇಡಿ, ಇದ್ದ ಹಾಗೇ ಬರೀರಿ!”

ಹಿಂದಿನಿಂದ ಮೂರನೇ ಸಲದವಳು ಪಿಸುಗುಟ್ಟಿದಳು: “ಸಾರ್, ತಪ್ಪಿದ್ರೆ ತಪ್ಪಿರಲಿ ಬಿಡಿ. ನಮ್ದೇನು ಹೋಗುತ್ತೆ?”

ಮೇಷ್ಟ್ರು ಕೂತರು. ಆದರೆ ತಪ್ಪು ಪ್ರಶ್ನೆಗೆ ಉತ್ತರ ಬರೆಯುವುದು ಅವರ ಕೈಗೆ ಒಗ್ಗುವ ಕೆಲಸವಲ್ಲ. ಉತ್ತರಪತ್ರಿಕೆಯಲ್ಲಿ ‘ಅಳತೆ, ಐದು ಲಕ್ಷಕ್ಕೆ ಒಂದು’ ಎಂದು ದುಂಡಗೆ ಬರೆದು, ಹನ್ನೆರಡು ಸೆಂಟಿಮೀಟರಿನ ಗೆರೆ ಎಳೆದರು. ಆ ಗೆರೆ! ಸಮ ಭಾಗಗಳು, ಎಡತುದಿಯಲ್ಲಿ ಕೂದಲೆಳೆಯ ಉಪಭಾಗಗಳು, ಒಂದು ಬಿಟ್ಟು ಒಂದು ಕಪ್ಪು ತುಂಬಿದ ಮನೆಗಳು. ಅಂಥ ಗೆರೆಯನ್ನು ಅವರು ಜೀವಮಾನದಲ್ಲಿ ಎಳೆದಿರಲಿಲ್ಲ. ಹಾಲಿನಿಂದ ಹೊರಬಂದಾಗ ಅವರ ಮುಖದಲ್ಲಿ ಕೋಟೆ ಗೆದ್ದ ಕಳೆ ಇತ್ತು.

ಉಳಿದವರು ಏನು ಮಾಡಿದರೆಂಬುದು ಆಮೇಲೆ ತಿಳಿಯಿತು. ಒಬ್ಬ ಹಾಳೆಯ ಅಂಚಿನವರೆಗೂ ಗೆರೆ ಎಳೆದು ಕೊನೆಗೊಂದು ಬಾಣ ಹಾಕಿ ‘ಮುಂದುವರಿಯುವುದು’ ಎಂದು ಬರೆದಿದ್ದ. ಇನ್ನೊಬ್ಬ ಸಣ್ಣ ಗೆರೆ ಎಳೆದು ಅದರ ಮೇಲೆ ಬಾಯಿಗೆ ಬಂದ ಸಂಖ್ಯೆಗಳನ್ನು ಸುರಿದಿದ್ದ. ಮೂರನೇ ಸಲದವಳು ಪ್ರಶ್ನೆಯನ್ನು ಚೆನ್ನಾಗಿ ನಕಲು ಮಾಡಿ, ಕೆಳಗೆ ‘ಹಾಳೆ ಸಾಲದು’ ಎಂದಷ್ಟೇ ಬರೆದಿದ್ದಳು.

ಮುಖ್ಯಸ್ಥೆಗೆ ತಪ್ಪು ಗೊತ್ತಾದಾಗ ಅವರು ಮಾಡಿದ್ದು ಎಲ್ಲ ಮುಖ್ಯಸ್ಥರೂ ಮಾಡುವ ಕೆಲಸ. ಮುದ್ರಣ ದೋಷ ಎಂದು ಷರಾ ಬರೆದು, ನಾಲ್ಕನೇ ಪ್ರಶ್ನೆಯನ್ನು ಪ್ರಯತ್ನಿಸಿದ ಎಲ್ಲರಿಗೂ ಪೂರ್ಣ ಕೃಪಾಂಕ ಕೊಡಬೇಕೆಂದು ಆದೇಶ ಹೊರಡಿಸಿದರು. ಬಾಣ ಹಾಕಿದವನಿಗೆ ಪೂರ್ಣ ಅಂಕ. ಸಂಖ್ಯೆ ಸುರಿದವನಿಗೆ ಪೂರ್ಣ ಅಂಕ. ‘ಹಾಳೆ ಸಾಲದು’ ಎಂದವಳು ಆ ಒಂದು ಸಾಲಿನಿಂದ ಜೀವನದಲ್ಲಿ ಮೊದಲ ಸಲ ಆ ಕೋರ್ಸನ್ನು ಪಾಸು ಮಾಡಿದಳು.

ದಶಮಾಂಶ ಮೇಷ್ಟ್ರಿಗೆ ಸೊನ್ನೆ. ಮೌಲ್ಯಮಾಪಕರು ಆ ಸುಂದರ ಗೆರೆಯ ಪಕ್ಕದಲ್ಲಿ ಬರೆದಿದ್ದರು: ‘ಕೇಳದ ಪ್ರಶ್ನೆಗೆ ಉತ್ತರ. ಪ್ರಯತ್ನಿಸಿಲ್ಲ.’

ಹಳೆಯ ಗ್ರೇಡು ರದ್ದಾಗಿತ್ತು. ಹೊಸದರೊಂದಿಗೆ ಸರಾಸರಿ ಐದು ಪಾಯಿಂಟ್ ಮೂರು ಒಂಬತ್ತಕ್ಕೆ ಇಳಿಯಿತು. ಸುಧಾರಣೆಗೆಂದು ಹೋದ ಮೇಷ್ಟ್ರು ಮೊದಲಿಗಿಂತ ಹಳ್ಳದ ಆಳಕ್ಕೆ ಬಂದು ಬಿದ್ದಿದ್ದರು.

ಅವರು ಹೋಗಿ ನಿಯಮಾವಳಿಯ ಮೇಜಿನ ಮೇಲೆ ಅಂಕಪಟ್ಟಿ ಇಟ್ಟರು. “ಸರಿಯಾದ ಉತ್ತರ ಬರೆದೋನಿಗೆ ಸೊನ್ನೆ, ಏನೂ ಬರೀದೋರಿಗೆ ಪೂರ್ತಿ. ಇದ್ಯಾವ ನ್ಯಾಯ ರೀ?”

“ನ್ಯಾಯ ಬೇರೆ ವಿಭಾಗ ಮೇಷ್ಟ್ರೇ. ಇಲ್ಲಿ ನಿಯಮ. ಮೇಲ್ಮನವಿ ಹಾಕಿ, ಸಮಿತಿ ಕೂರುತ್ತೆ. ಆದ್ರೆ ಒಂದು ಕಿವಿಮಾತು.” ನಿಯಮಾವಳಿ ಆಚೀಚೆ ನೋಡಿ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವರ ಮುಖದಲ್ಲಿ ನಿಜವಾದ ಕನಿಕರ ಇತ್ತು. “ಪ್ರಶ್ನೆ ತಪ್ಪಿತ್ತು, ನಾನು ತಿದ್ದಿದೆ ಅಂತ ಮಾತ್ರ ಹೇಳ್ಬೇಡಿ. ಪರೀಕ್ಷೇಲಿ ಪ್ರಶ್ನೆ ತಿದ್ದೋದು ಅಶಿಸ್ತು. ಪೂರ್ತಿ ಪೇಪರ್ರೇ ರದ್ದಾಗುತ್ತೆ. ತಪ್ಪಾಗಿ ಓದಿದೆ ಅಂದ್ರೆ, ಅದು ಮನುಷ್ಯಸಹಜ. ತಪ್ಪಾಗಿ ಓದಿ ಬರೆದದ್ದೂ ಪ್ರಯತ್ನವೇ. ಕೃಪಾಂಕ ಬರುತ್ತೆ.”

“ಅಂದ್ರೆ, ನಾನು ಸರಿ ಇದ್ರೆ ಫೇಲು, ತಪ್ಪಿದ್ರೆ ಪಾಸು.”

“ಹಾಗಂತ ನಿಯಮದಲ್ಲಿ ಬರೆದಿಲ್ಲ. ಆದ್ರೆ ಹಾಗೇ.”

ಮುಖ್ಯಸ್ಥೆ ಅವರನ್ನು ಕರೆಸಿ ಟೀ ತರಿಸಿಕೊಟ್ಟರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಮೇಷ್ಟ್ರಿಗೆ ಸಿಕ್ಕ ಮೊದಲ ಟೀ ಅದು. “ನೋಡಿ, ನನಗೂ ನೀವೇ ಆ ಹುದ್ದೆಗೆ ಬರ್ಬೇಕು ಅಂತಿದೆ. ಸಮಿತಿ ಮುಂದೆ ಒಂದು ಮಾತು, ತಪ್ಪಾಗಿ ಓದಿದೆ ಅಂತ. ನಾನೂ ಅಲ್ಲೇ ಕೂತಿರ್ತೀನಿ. ಅಲ್ಲಿ ಮುದ್ರಣದೋಷದ ವಿಷಯ ಎತ್ತಿದ್ರೆ ನನ್ನ ಕಡೆಗೂ ನಾಲ್ಕು ಜನ ಬೆರಳು ತೋರಿಸ್ತಾರೆ. ಯಾಕೆ ಬೇಕು?”

“ಮುದ್ರಣದೋಷ ಅಲ್ಲ ಮೇಡಂ. ಹಸ್ತಪ್ರತೀಲೇ ಹಾಗಿತ್ತಂತೆ.”

“ಟೀ ಆರುತ್ತೆ, ಕುಡೀರಿ” ಎಂದರು ಮುಖ್ಯಸ್ಥೆ.

ಮೇಷ್ಟ್ರು ಅಲ್ಲಿಂದ ನೇರ ಕನ್ನಡಕದಂಗಡಿಗೆ ಹೋದರು. ಹೆಂಡತಿ ಯಂತ್ರದ ಮುಂದೆ ಕೂತು ಗಾಜಿನ ಅಂಚು ಉಜ್ಜುತ್ತಿದ್ದಳು. ಎಲ್ಲ ಕೇಳಿಯೂ ಯಂತ್ರ ನಿಲ್ಲಿಸಲಿಲ್ಲ.

“ಹೇಳಿಬಿಡಿ.”

“ಏನಂತ ಹೇಳ್ಲಿ? ನಾಚಿಕೆ ಆಗಲ್ವಾ? ಮೊದಲನೇ ವರ್ಷದ ಹುಡುಗನೂ ಹಾಗೆ ಓದಲ್ಲ.”

“ಕನ್ನಡಕದ ಮೇಲೆ ಹಾಕಿ. ನಂಬರ್ ಬದಲಾಗಿತ್ತು, ಸರಿಯಾಗಿ ಕಾಣ್ಲಿಲ್ಲ ಅನ್ನಿ.”

“ಕನ್ನಡಕ ಮಾಡಿದ್ದು ನೀನು!”

“ನಾನು ಮಾಡಿದ್ದು ಅಂತ ಅವ್ರಿಗೇನು ಗೊತ್ತು?” ಆಕೆ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಯಂತ್ರಕ್ಕೆ ಕೊಟ್ಟಳು. “ಮೆಟ್ಟಿಲ ಕೆಳಗಿಂದ ಎದ್ದು ಮೇಲೆ ಬನ್ನಿ ಸಾಕು. ರಜೆ ಬಂದಾಗ ನೀವು ಮುಖ ಗಂಟು ಹಾಕ್ಕೊಂಡು ಕೂತ್ಕೊಳ್ಳೋದು ನೋಡಿ ನೋಡಿ ನನಗೆ ಸಾಕಾಗಿದೆ.”

ಸಮಿತಿ ಕೂತಿತು. ಮುಖ್ಯಸ್ಥೆ, ಕಾರ್ಯದರ್ಶಿಯಾಗಿ ನಿಯಮಾವಳಿ, ಮತ್ತು ಬೇರೆ ವಿಶ್ವವಿದ್ಯಾಲಯದಿಂದ ಬಂದ ಒಬ್ಬ ತಜ್ಞರು. ತಜ್ಞರಿಗೆ ಪೆನ್ನಿನ ಮುಚ್ಚಳವನ್ನು ಕಿವಿಯಲ್ಲಿ ತಿರುಗಿಸುವ ಅಭ್ಯಾಸ. ಮೇಷ್ಟ್ರು ಜೀವನದಲ್ಲಿ ಅದೆಷ್ಟು ಗಂಟೆ ಮಾತಾಡಿದ್ದರೋ, ಈ ಒಂದು ವಾಕ್ಯವನ್ನು ಮಾತ್ರ ಎದುರಿನ ಗೋಡೆ ನೋಡಿಕೊಂಡು ಹೇಳಿದರು.

“ನಾಲ್ಕನೇ ಪ್ರಶ್ನೆಯನ್ನ ನಾನು... ತಪ್ಪಾಗಿ ಓದಿದೆ. ಕನ್ನಡಕ ಸರಿ ಇರಲಿಲ್ಲ.”

ಮುಖ್ಯಸ್ಥೆ ಮೇಜಿನ ಮೇಲಿನ ಪಿನ್ನುಗಳನ್ನು ಜೋಡಿಸುತ್ತಿದ್ದರು. ನಿಯಮಾವಳಿ ಸಂತೋಷದಿಂದ ಬರೆದುಕೊಂಡರು. ತಜ್ಞರು ಮುಚ್ಚಳ ಹೊರತೆಗೆದು ನೋಡಿ, “ಪಾಪ” ಎಂದರು. ಕೃಪಾಂಕ ಮಂಜೂರಾಯಿತು. ಸರಾಸರಿ ಐದು ಪಾಯಿಂಟ್ ಐದು ಎರಡು.

ಇಷ್ಟು ವರ್ಷಗಳ ಹಳ್ಳವನ್ನು ಮೇಷ್ಟ್ರು ದಾಟಿದ್ದರು! ದಂಡನಾಯಕ ಆಚೆ ದಡ ಸೇರಿದ್ದ. ಕತ್ತಿ ಮಾತ್ರ ಈಚೆ ದಡದಲ್ಲೇ ಉಳಿದಿತ್ತು. ಹುಡುಗರು ಅಭಿನಂದಿಸಿದರು. ಮೂರನೇ ಸಲದವಳಂತೂ, “ನಾನೂ ನೀವೂ ಒಟ್ಟಿಗೆ ಪಾಸಾದ್ವಿ ಸಾರ್, ಅದೂ ಒಂದೇ ಪ್ರಶ್ನೆಯಿಂದ” ಎಂದು ಎಲ್ಲರ ಮುಂದೆ ಕೈ ಕುಲುಕಿದಳು. ಅವಳ ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಅದೇ ಮೇಷ್ಟ್ರಿಗೆ ನುಂಗಲಾಗಲಿಲ್ಲ.

ಸಂದರ್ಶನದ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಳಗೆ ಹೋದರು. ಮೇಜಿನ ಆಚೆ ಐದಾರು ಜನ. ಮುಖ್ಯಸ್ಥೆ ಒಂದು ತುದಿಯಲ್ಲಿ. ನಡುವೆ ವಿಷಯತಜ್ಞರ ಕುರ್ಚಿ. ಅದರಲ್ಲಿ ಕಿವಿಗೆ ಪೆನ್ನಿನ ಮುಚ್ಚಳ ಹಾಕಿಕೊಂಡು ಅವರೇ ಕೂತಿದ್ದರು.

“ಓಹೋ, ನೀವೇ ಅಲ್ವಾ?” ತಜ್ಞರ ಮುಖ ಅರಳಿತು. “ಆ ಕನ್ನಡಕದ ಕೇಸು!”

ಉಳಿದವರು ಏನು ಏನು ಎಂದು ಕೇಳಿದರು. ತಜ್ಞರು ರಸವತ್ತಾಗಿ ವಿವರಿಸಿದರು. ಎಲ್ಲರೂ ನಕ್ಕರು, ದ್ವೇಷದಿಂದಲ್ಲ, ಊಟಕ್ಕೆ ಮುಂಚಿನ ಬೇಸರ ಕಳೆಯಲು.

“ನನಗೊಂದು ಕುತೂಹಲ,” ಎಂದರು ತಜ್ಞರು. “ಇದ್ದ ಸೊನ್ನೆ ಕಾಣದೆ ಹೋಗೋದು ಸರಿ, ವಯಸ್ಸಾದ್ಮೇಲೆ ನನಗೂ ಆಗುತ್ತೆ. ಇಲ್ಲದ ಎರಡು ಸೊನ್ನೆ ಹೇಗ್ರೀ ಕಂಡ್ವು?”

ಮೇಷ್ಟ್ರು ಮುಖ್ಯಸ್ಥೆಯ ಕಡೆ ನೋಡಿದರು. ಮುಖ್ಯಸ್ಥೆ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದರು, ಅವು ತಿರುಗುತ್ತಿದ್ದರೂ. ನಿಜ ಹೇಳಿದರೆ ಆವತ್ತು ಮೇಲ್ಮನವಿ ಸಮಿತಿಯ ಮುಂದೆ ಹೇಳಿದ್ದು ಸುಳ್ಳೆಂದಾಗುತ್ತದೆ. ಕೃಪಾಂಕ ಹೋಗುತ್ತದೆ, ಪೇಪರ್ರು ರದ್ದಾಗುತ್ತದೆ, ಈ ಕುರ್ಚಿಯಲ್ಲಿ ಕೂರುವ ಅರ್ಹತೆಯೇ ಹೋಗುತ್ತದೆ. ಹೇಳದಿದ್ದರೆ ತಾವು ಮೂರ್ಖರೆಂದು ಒಪ್ಪಿಕೊಂಡಂತೆ. ಮುಂದೆಯೂ ಬಾಗಿಲಿಲ್ಲ, ಹಿಂದೆಯೂ ಬಾಗಿಲಿಲ್ಲ. ಇಂಥ ಕೋಟೆಯನ್ನು ಯಾವ ಶತ್ರುವೂ ಕಟ್ಟಿರಲಿಲ್ಲ. ಹಿತೈಷಿಗಳೆಲ್ಲ ಸೇರಿ, ಟೀ ಕುಡಿಸಿ ಕಟ್ಟಿಸಿದ್ದರು.

“ಕಂಡ್ವು ಸಾರ್” ಎಂದರು ಮೇಷ್ಟ್ರು.

“ಹೇಗೆ?”

“ಅಭ್ಯಾಸ ಸಾರ್. ಅರವತ್ತು ಕಿಲೋಮೀಟರ್ ಅಂದ ಕೂಡ್ಲೇ ಐದು ಲಕ್ಷ ಅಂತ ಓದಿಬಿಟ್ಟೆ.”

“ಅಂದ್ರೆ ಎದುರಿಗಿದ್ದದ್ದನ್ನ ಓದಲ್ಲ, ತಲೇಲಿದ್ದದ್ದನ್ನ ಓದ್ತೀರಿ.” ತಜ್ಞರು ಮುಚ್ಚಳವನ್ನು ಪೆನ್ನಿಗೆ ಹಾಕಿದರು. “ನಕ್ಷೆ ಕಲಿಸೋರಿಗೆ ಇದು ಒಳ್ಳೇದಲ್ಲ. ಮೊದಲು ಆ ಕನ್ನಡಕದ ಅಂಗಡಿ ಬದಲಾಯಿಸಿ. ಬೇರೆ ಪ್ರಶ್ನೆ ಇಲ್ಲ.”

ಮನೆಗೆ ಬಂದ ಮೇಲೆ ಹೆಂಡತಿ ಎಲ್ಲವನ್ನೂ ಕೆದಕಿ ಕೆದಕಿ ಕೇಳಿದಳು. ಮೇಷ್ಟ್ರು ಎಲ್ಲವನ್ನೂ ಹೇಳಿದರು, ಅಂಗಡಿಯ ಮಾತೊಂದನ್ನು ಬಿಟ್ಟು.

ಹುದ್ದೆ ಹೊಸ ಮೇಡಂಗೆ ಹೋಯಿತು. ಆಕೆಗೆ ಅದಕ್ಕೆ ಬೇಕಾದ ಎಲ್ಲ ಅರ್ಹತೆಯೂ ಇತ್ತು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ, ಹುಡುಕಿದರೂ ಸಿಟ್ಟು ಮಾಡಲು ಒಬ್ಬ ಖಳ ಸಿಗುವುದಿಲ್ಲ. ಸುಧಾರಿಸಿದ ಅಂಕಪಟ್ಟಿ ಕೊಡುವಾಗ ನಿಯಮಾವಳಿ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟರು. “ಇನ್ನು ನೀವು ಎಲ್ಲಿಗೆ ಬೇಕಾದ್ರೂ ಅರ್ಜಿ ಹಾಕ್ಬಹುದು ಮೇಷ್ಟ್ರೇ!” ಎಂದವರು, ಹುಟ್ಟಿದ ದಿನಾಂಕದ ಮೇಲೆ ಕಣ್ಣು ಬಿದ್ದು, ಮೆಲ್ಲಗೆ ಕೂತುಕೊಂಡರು.

ಹೊಸ ಅವಧಿ ಶುರುವಾಯಿತು. ನಕ್ಷೆಯ ತರಗತಿ ಹೊಸ ಮೇಡಂ ಹತ್ತಿರವೇ ಉಳಿಯಿತು, ಈಗ ಅದು ಕಾಯಂ ಅಧ್ಯಾಪಕರ ಹಕ್ಕು. ಮೇಷ್ಟ್ರಿಗೆ ಹವಾಮಾನದ ಎರಡು ಗಂಟೆ ಸಿಕ್ಕಿತು. ಒಂದು ಮಧ್ಯಾಹ್ನ ಆಕೆ ಮೆಟ್ಟಿಲ ಕೆಳಗಿನ ಕೋಣೆಗೆ ಬಗ್ಗಿಕೊಂಡು ಬಂದಳು. ಕೂರಲು ಎರಡನೇ ಕುರ್ಚಿ ಇಲ್ಲದ್ದರಿಂದ ನಿಂತೇ ಇದ್ದಳು.

“ಸಾರ್, ತರಗತೀಲಿ ಹುಡುಗರು ಕೇಳಿದ್ರು. ಆವತ್ತು ಹಾಲಲ್ಲಿ ನೀವು ಎದ್ದು ನಿಂತು ಹೇಳಿದ್ರಂತೆ. ನೀವು ಬರೆದದ್ದೇ ಸರಿ ಅಂತ ಎಲ್ರಿಗೂ ಗೊತ್ತು ಸಾರ್. ನಾನು ಈಗ ಕಾಯಂ ಇದ್ದೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

ಮೇಲೆ ಹುಡುಗರ ಗುಂಪೊಂದು ದಡದಡನೆ ಇಳಿಯಿತು. ಮೇಷ್ಟ್ರು ಭುಜದ ಮೇಲೆ ಬಿದ್ದ ಸುಣ್ಣವನ್ನು ಕೊಡವಿದರು.

“ಇಲ್ಲಮ್ಮ,” ಎಂದರು. “ಗಾಳಿಮಾತು ನಂಬಬೇಡ. ನಾನು ತಪ್ಪಾಗಿ ಓದಿದ್ದೆ. ಸಮಿತಿಯವ್ರು ಕೂತು ತೀರ್ಮಾನ ಮಾಡಿದಾರೆ. ಹುಡುಗರಿಗೂ ಹಾಗೇ ಹೇಳು.”